ಅಜ್ಜನ ಫೋನು ಬೇರೆ, ಮೊಮ್ಮಗಳ ಫೋನು ಬೇರೆ

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ, ಅಪ್ಪ-ಅಮ್ಮ ತಿಪಟೂರಿನಲ್ಲಿ. ಅಪ್ಪನಿಗೆ 71, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬೆಳಿಗ್ಗೆ ಎದ್ದಾಗಿನಿಂದ ಶುಭೋದಯದ ಚಿತ್ರ, ಮನೆಮದ್ದು, ರಾಜಕೀಯದ ವಿಡಿಯೊ ಎಲ್ಲವನ್ನೂ ಎಲ್ಲರಿಗೂ ವಾಟ್ಸಾಪ್ ಮಾಡುತ್ತಾರೆ. ಯೂಟ್ಯೂಬ್ ಹಾಕಿದರೆ ಪಕ್ಕದ ಮನೆಗೂ ಕೇಳಬೇಕು. ಕಳೆದ ತಿಂಗಳು 'ಕರೆಂಟ್ ಬಿಲ್ ಬಾಕಿ ಇದೆ, ಇವತ್ತು ರಾತ್ರಿ ಲೈನ್ ಕಟ್' ಅಂತ ಯಾರೋ ಮೆಸೇಜ್ ಮಾಡಿ, ಒಂದು ಆಪ್ ಕಳಿಸಿ ಹಾಕಿಸಿದ್ದಾರೆ. ದುಡ್ಡೇನೂ ಹೋಗಿಲ್ಲ, ಆದರೆ ಅಪ್ಪ ನಮಗೆ ಹೇಳಿದ್ದು ಹತ್ತು ದಿನ ಬಿಟ್ಟು. ಇನ್ನು ಮಗಳಿಗೆ 15, ಹತ್ತನೇ ತರಗತಿ. ನಾವು ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜ್ ಮಾಡಿದರೆ ಅರೆಕ್ಷಣದಲ್ಲಿ ಉತ್ತರ. ರಾತ್ರಿ ಒಂದು ಗಂಟೆಯಾದರೂ ಹೊದಿಕೆಯೊಳಗೆ ಬೆಳಕು. ಅಜ್ಜ ಅವಳನ್ನು ಬೈಯುತ್ತಾರೆ, ಅವಳು 'ಅಜ್ಜ, ನಿಮ್ಮದೇ ಜಾಸ್ತಿ' ಅನ್ನುತ್ತಾಳೆ. ಇಬ್ಬರಿಗೂ ದಿನಕ್ಕೆ ಎರಡು ಗಂಟೆ ಅಂತ ಒಂದೇ ನಿಯಮ ಮಾಡೋಣವೇ? ಅಪ್ಪನಿಗೆ ಕೀಪ್ಯಾಡ್ ಫೋನ್ ಕೊಡಿಸಿ, ಮಗಳ ಫೋನಿಗೆ ಅವಳಿಗೆ ಗೊತ್ತಾಗದ ಹಾಗೆ ನಿಗಾ ಇಡುವ ಆಪ್ ಹಾಕಬಹುದೇ? ರೇಡಿಯೇಷನ್ ಭಯವೂ ಇದೆ.

ಉತ್ತರ: ನಿಯಮದ ಮಾತು ಆಮೇಲೆ. ಮೊದಲು ಅಪ್ಪನ ಫೋನು. 'ದುಡ್ಡೇನೂ ಹೋಗಿಲ್ಲ' ಎಂದು ಬರೆದಿದ್ದೀರಿ, ಆ ಆಪ್ ತೆಗೆದೆವೆಂದು ಬರೆದಿಲ್ಲ. ಇಂಥ ಆಪ್‌ಗಳ ಕೆಲಸ ಸಾಮಾನ್ಯವಾಗಿ ಒಂದೇ: ಫೋನಿಗೆ ಬರುವ ಎಸ್ಎಂಎಸ್ ಓದಿ, ಒಟಿಪಿಯನ್ನು ಆಪ್ ಕಳಿಸಿದ ವಂಚಕನಿಗೆ ರವಾನಿಸುವುದು. ಕೆಲವು ತಮ್ಮ ಐಕಾನ್ ಅನ್ನೇ ಅಡಗಿಸಿಕೊಳ್ಳುತ್ತವೆ. ಪರದೆ ಮೇಲೆ ಕಾಣಲಿಲ್ಲವೆಂದರೆ ಹೋಯಿತೆಂದಲ್ಲ. ವಾರಗಟ್ಟಲೆ ಸುಮ್ಮನಿದ್ದು, ಪಿಂಚಣಿ ಬಿದ್ದ ದಿನ ಎಚ್ಚರಗೊಳ್ಳಬಹುದು.

ಇವತ್ತೇ ತಿಪಟೂರಿಗೆ ಫೋನ್ ಮಾಡಿ ಏರೋಪ್ಲೇನ್ ಮೋಡ್ ಹಾಕಿಸಿ, ವೈಫೈ ಇದ್ದರೆ ಅದನ್ನೂ ಆರಿಸಿಸಿ. ಅಮ್ಮನ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ತಡೆಹಿಡಿಸಿ. ಊರಿಗೆ ಹೋದಾಗ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್ ತೆರೆದು ಪೂರ್ತಿ ಪಟ್ಟಿಯನ್ನು ಒಂದೊಂದಾಗಿ ನೋಡಿ. ವಿದ್ಯುತ್ ಕಂಪನಿಯ ಹೆಸರಿನದು, ಹೆಸರೇ ಇಲ್ಲದ್ದು, ಪ್ಲೇ ಸ್ಟೋರ್‌ನಿಂದ ಬಾರದ್ದು ಅನುಮಾನಕ್ಕೆ ಅರ್ಹ. ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿದ್ದರೆ ಆ ಆಪ್ 'ಡಿವೈಸ್ ಅಡ್ಮಿನ್' ಅಧಿಕಾರ ಪಡೆದಿದೆ ಎಂದರ್ಥ. ಆ ಅಧಿಕಾರವನ್ನು ಮೊದಲು ಕಿತ್ತುಕೊಂಡರೆ ಆಮೇಲೆ ಆಪ್ ತೆಗೆಯಬಹುದು. ಆಕ್ಸೆಸಿಬಿಲಿಟಿ (ಕಣ್ಣು-ಕಿವಿ ಮಂದವಿದ್ದವರ ನೆರವಿಗಿರುವ ಸೌಲಭ್ಯ) ಪಟ್ಟಿಯಲ್ಲೂ ನೋಡಿ. ಅಲ್ಲಿ ಗುರುತಿಲ್ಲದ ಹೆಸರು ಆನ್ ಆಗಿದ್ದರೆ ಅದು ಪರದೆ ಓದಬಲ್ಲದು, ಗುಂಡಿ ಒತ್ತಬಲ್ಲದು. ಡಯಲರ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್, ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ಎರಡನ್ನೂ ತೆರೆದು, ಗುರುತಿಲ್ಲದ ನಂಬರೋ ಸಾಧನವೋ ಇದ್ದರೆ ತೆಗೆಯಿರಿ. ಮೆನುವಿನ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ, ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಟೈಪ್ ಮಾಡಿದರೆ ಸಿಗುತ್ತದೆ.

ಇಷ್ಟಾದ ಮೇಲೂ ನನ್ನ ಸಲಹೆ ಫ್ಯಾಕ್ಟರಿ ರಿಸೆಟ್. ಹತ್ತು ದಿನ ಒಳಗಿದ್ದ ಆಪ್ ಏನೇನು ಬಿಟ್ಟುಹೋಗಿದೆ ಎಂದು ಕಣ್ಣಿನಲ್ಲಿ ನೋಡಿ ಹೇಳಲಾಗದು. ಆದರೆ ರಿಸೆಟ್‌ನಲ್ಲಿ ಹಿರಿಯರ ಫೋನುಗಳು ಎಡವುವ ಜಾಗ ಒಂದಿದೆ. ಫೋನ್ ಕೊಂಡ ದಿನ ಅಂಗಡಿಯವನೋ ಅಳಿಯನೋ ಒಂದು ಜಿಮೇಲ್ ಖಾತೆ ತೆರೆದಿರುತ್ತಾನೆ, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ರಿಸೆಟ್ ಆದ ಫೋನು ಅದೇ ಖಾತೆಯನ್ನು ಕೇಳಿ ಕೂತುಬಿಡಬಹುದು. ಫೋನ್ ನಂಬರುಗಳೂ ವಾಟ್ಸಾಪ್ ಬ್ಯಾಕಪ್ಪೂ ಇರುವುದು ಅಲ್ಲೇ. ಹಾಗಾಗಿ ಮೊದಲು ಪಾಸ್‌ವರ್ಡ್ ಹೊಸದು ಮಾಡಿ ಪುಸ್ತಕದಲ್ಲಿ ಬರೆದು, ಫೋಟೊಗಳನ್ನು ಬೇರೆಡೆ ಇಟ್ಟು, ಆಮೇಲೆ ರಿಸೆಟ್. ಆಪ್‌ಗಳನ್ನು ಹಳೆಯ ಬ್ಯಾಕಪ್‌ನಿಂದ ತರಬೇಡಿ, ಬೇಕಾದ ಏಳೆಂಟನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿ. ಬ್ಯಾಂಕಿನ ಪಿನ್, ಪಾಸ್‌ವರ್ಡ್‌ಗಳನ್ನು ಬದಲಿಸುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಬದಲಿಸಿದರೆ ಹೊಸದನ್ನೂ ಕಳ್ಳನ ಕೈಗಿಟ್ಟಂತೆ.

ಹತ್ತು ದಿನ ಯಾಕೆ ಹೇಳಲಿಲ್ಲ?

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ ಹತ್ತು ದಿನ. ಯೂಟ್ಯೂಬಿನ ಸದ್ದೂ ಅಲ್ಲ, ಎಷ್ಟು ಗಂಟೆ ಎಂಬ ಲೆಕ್ಕವೂ ಅಲ್ಲ. ಇಂಥ ಮನೆಗಳಲ್ಲಿ ಹಿರಿಯರು ಮುಚ್ಚಿಡುವುದಕ್ಕೆ ಕಾರಣ ಹೆಚ್ಚಾಗಿ ಎರಡು. ಮೇಷ್ಟ್ರಾಗಿದ್ದವರು ಮೋಸಹೋದೆ ಎಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವ ನಾಚಿಕೆ ಒಂದು, ಹೇಳಿದರೆ ಫೋನು ಕಿತ್ತುಕೊಳ್ಳುತ್ತಾರೆಂಬ ಅಂಜಿಕೆ ಇನ್ನೊಂದು. ನಿಮ್ಮ ಪತ್ರ ಓದಿದರೆ ಆ ಅಂಜಿಕೆ ಸುಳ್ಳಲ್ಲ. ಹದಿನೈದರ ಹುಡುಗಿ ಮುಚ್ಚಿಡುವುದೂ ಇದೇ ಎರಡು ಕಾರಣಕ್ಕೆ. ಅಜ್ಜ-ಮೊಮ್ಮಗಳು ಫೋನ್ ಬಳಸುವ ರೀತಿ ಎಷ್ಟೇ ಬೇರೆಯಾದರೂ, ನಿಮ್ಮಿಂದ ಮುಚ್ಚಿಡುವ ರೀತಿ ಒಂದೇ.

ಸೈಬರ್ ವಂಚನೆಯಲ್ಲಿ ಮುಚ್ಚಿಟ್ಟ ಪ್ರತಿ ಗಂಟೆಗೂ ಬೆಲೆಯಿದೆ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ಬ್ಯಾಂಕುಗಳು ಅದನ್ನು ತಡೆಹಿಡಿಯುವ ಸಾಧ್ಯತೆ ಇದೆ. ಮರುದಿನದ ಹೊತ್ತಿಗೆ ಅದು ಹತ್ತಾರು ಖಾತೆಗೆ ಹಂಚಿ, ಎಟಿಎಂನಿಂದ ಹೊರಬಂದಿರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ತರ್ಕವೂ ಇದೇ: ಗ್ರಾಹಕರು ತಾವೇ ಒಟಿಪಿ, ಪಿನ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ನಂತರದ್ದು ಬ್ಯಾಂಕಿನದು. ಎಂದರೆ 'ಮೊದಲು ಹೇಳು, ಬೈಗುಳ ಇಲ್ಲ, ಫೋನು ಕಿತ್ತುಕೊಳ್ಳುವುದಿಲ್ಲ' ಎಂಬ ಮಾತು ಮನೆಯಲ್ಲಿ ಇದ್ದರೆ ದುಡ್ಡೇ ಉಳಿಯುತ್ತದೆ. ಕೀಪ್ಯಾಡ್ ಫೋನು, ಕದ್ದು ನೋಡುವ ಆಪ್ ಎರಡೂ ಈ ಮಾತನ್ನು ಮುರಿಯುತ್ತವೆ. ಅದಕ್ಕೇ ಎರಡಕ್ಕೂ ನನ್ನ ವಿರೋಧ.

ಒಂದೇ ಸಾಧನ, ಎರಡು ಬಳಕೆ

ಎಪ್ಪತ್ತರ ಆಸುಪಾಸಿನವರಿಗೆ ಮೊಬೈಲು ಎಂದರೆ ಜೇಬಿಗೆ ಬಂದ ಲ್ಯಾಂಡ್‌ಲೈನು. ರಿಂಗಾದರೆ ಎತ್ತಲೇಬೇಕು, ಎತ್ತದಿದ್ದರೆ ಅಗೌರವ. ಬಂದ ಮೆಸೇಜು ಅಂಚೆಯಣ್ಣ ತಂದ ಕಾಗದದ ಹಾಗೆ, ತೆರೆದು ಓದಿ ಉತ್ತರ ಕೊಡಬೇಕು. 'ಇಲಾಖೆಯಿಂದ' ಎಂದರೆ ನೆಟ್ಟಗೆ ಕೂರುವ ತಲೆಮಾರು ಅದು. ವಂಚಕರು ಬಳಸುವುದು ದಡ್ಡತನವನ್ನಲ್ಲ, ಈ ಶಿಸ್ತನ್ನು. ಲೈನ್ ಕಟ್ ಆಗುತ್ತದೆ ಎಂದಾಗ ಬಾಕಿ ಉಳಿಸಿಕೊಂಡು ಗೊತ್ತಿಲ್ಲದ ಮನುಷ್ಯನೇ ಹೆಚ್ಚು ಗಾಬರಿಯಾಗುವುದು.

ಶುಭೋದಯದ ಚಿತ್ರವನ್ನೂ ಹೀಗೆಯೇ ನೋಡಿ. ಅದು ಹಾಜರಿ. 'ಇದ್ದೇನೆ, ಎದ್ದಿದ್ದೇನೆ, ನೀನಿದ್ದೀಯಾ?' ಎಂಬ ಕೂಗು. ನಿಮ್ಮ ಮಗಳು ಗೆಳತಿಗೆ ದಿನಕ್ಕೆ ಹತ್ತು ರೀಲ್ಸ್ ಕಳಿಸುವುದು, ಸ್ನ್ಯಾಪ್‌ಚಾಟ್‌ನಲ್ಲಿ ಸ್ಟ್ರೀಕ್ (ದಿನ ತಪ್ಪದೆ ಒಬ್ಬರಿಗೊಬ್ಬರು ಕಳಿಸಿದ ಲೆಕ್ಕ) ಮುರಿಯದಂತೆ ಗೋಡೆಯ ಫೋಟೊ ತೆಗೆದು ಕಳಿಸುವುದು ಕೂಡ ಅದೇ ಹಾಜರಿ. ಇಬ್ಬರಿಗೂ ಇದನ್ನು ಹೇಳಿ ನೋಡಿ, ಇಬ್ಬರೂ ಒಪ್ಪುವುದಿಲ್ಲ!

ಮಗಳಿಗಾದರೋ ಫೋನು ಒಂದು ಜಾಗ. ಶಾಲೆ ಬಿಟ್ಟ ಮೇಲೆ ಗೆಳತಿಯರು ಸೇರುವ ಕಟ್ಟೆ ಅದು. ಅಲ್ಲಿ ಕರೆ ಎನ್ನುವುದು ಬಾಗಿಲು ತಟ್ಟದೆ ಒಳಗೆ ನುಗ್ಗಿದಂತೆ, ಯಾರಿದ್ದರೂ ಎಲ್ಲ ಬಿಟ್ಟು ಬಾಯಿ ಬಿಟ್ಟು ಮಾತಾಡಬೇಕು. ಮೆಸೇಜಾದರೆ ಯೋಚಿಸಿ, ಅಳಿಸಿ, ಬರೆಯಬಹುದು. ಫೋನ್ ಎತ್ತದಿರುವುದು ನಿಮ್ಮ ಮೇಲಿನ ಅಸಡ್ಡೆ ಎಂದುಕೊಳ್ಳಬೇಡಿ. ಇದಕ್ಕೆ ಸುಲಭದ ಒಪ್ಪಂದವಿದೆ: ಸಾಮಾನ್ಯ ಮಾತು ಮೆಸೇಜಿನಲ್ಲಿ, ಒಂದರ ಹಿಂದೆ ಒಂದು ಎರಡು ಕರೆ ಬಂದರೆ ತುರ್ತು, ಎತ್ತಲೇಬೇಕು. ಆಂಡ್ರಾಯ್ಡ್‌ನ 'ಡು ನಾಟ್ ಡಿಸ್ಟರ್ಬ್'ನಲ್ಲಿ 'ರಿಪೀಟ್ ಕಾಲರ್ಸ್' ಆನ್ ಮಾಡಿದರೆ 15 ನಿಮಿಷದೊಳಗೆ ಅದೇ ನಂಬರಿನಿಂದ ಬಂದ ಎರಡನೇ ಕರೆ ಸದ್ದು ಮಾಡುತ್ತದೆ.

ಇಷ್ಟು ಬೇರೆ ಇರುವ ಎರಡು ಬಳಕೆಗೆ ಎರಡು ಗಂಟೆಯ ಒಂದೇ ಅಳತೆ ಹೊಂದುವುದಿಲ್ಲ. ಹಿರಿಯರ ಅಪಾಯ ಒಂದು ಕರೆಯಲ್ಲಿ, ಐದು ನಿಮಿಷದಲ್ಲಿ ಮುಗಿದುಹೋಗಿರುತ್ತದೆ. ಗಂಟೆ ಇಳಿಸಿದರೆ ಅದೇನೂ ಇಳಿಯದು. ಮಗಳದು ನಿಧಾನದ ನಷ್ಟ, ಮುಖ್ಯವಾಗಿ ನಿದ್ದೆಯದು. ಅವಳಿಗೆ ಎಷ್ಟು ಹೊತ್ತು ಎಂಬುದಕ್ಕಿಂತ ಯಾವ ಹೊತ್ತು ಎಂಬುದು ಮುಖ್ಯ.

ಅಪ್ಪನ ಫೋನಿಗೆ

ಕೀಪ್ಯಾಡ್ ಫೋನಿನಿಂದ ಆಪ್ ಹಾಕಿಸುವ ಮೋಸ ನಿಲ್ಲುತ್ತದೆ, ನಿಜ. ಆದರೆ ಒಟಿಪಿ ಬಾಯಲ್ಲಿ ಹೇಳಿಸಿಕೊಳ್ಳಲು, 'ಪೊಲೀಸ್' ಎಂದು ಹೆದರಿಸಿ ಬ್ಯಾಂಕಿಗೆ ನಡೆಸಿಕೊಂಡು ಹೋಗಲು ಬರೀ ಕರೆ ಸಾಕು. ಜೊತೆಗೆ ಮುಖ ತೋರಿಸಿ ಮನೆಯಲ್ಲೇ ಜೀವನ್ ಪ್ರಮಾಣ (ಪಿಂಚಣಿದಾರರು ಬದುಕಿರುವ ಪ್ರಮಾಣಪತ್ರ) ಕೊಡುವ ಅನುಕೂಲ, ಮೊಮ್ಮಗಳ ವಿಡಿಯೊ ಕಾಲ್, ಹಳೆಯ ಸಹೋದ್ಯೋಗಿಗಳ ಗುಂಪು ಎಲ್ಲ ಹೋಗುತ್ತದೆ. ಫೋನು ಇರಲಿ, ಅದರ ಹಿಂದಿನ ದುಡ್ಡನ್ನು ಕಡಿಮೆ ಮಾಡಿ.

ಪಿಂಚಣಿ ಬರುವ ಖಾತೆಯಿಂದ ಯುಪಿಐ ಬಿಡಿಸಿ. ಇನ್ನೊಂದು ಉಳಿತಾಯ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು, ಐದೋ ಹತ್ತೋ ಸಾವಿರ ಇಟ್ಟು ಯುಪಿಐ ಅದಕ್ಕೆ ಮಾತ್ರ ಜೋಡಿಸಿ. ಪಿಂಚಣಿ ಖಾತೆಯ ಡೆಬಿಟ್ ಕಾರ್ಡಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರ ಆಫ್ ಇರಲಿ. ನೆಟ್ ಬ್ಯಾಂಕಿಂಗ್ ಬಳಸದಿದ್ದರೆ ಮುಚ್ಚಿಸಿಬಿಡಿ, ಏಕೆಂದರೆ ಎಫ್‌ಡಿ ಒಡೆಯುವ ಒಂದು ದಾರಿ ಅದು. ಇನ್ನೊಂದು ಆಯ್ಕೆ ಯುಪಿಐ ಸರ್ಕಲ್: ನಿಮ್ಮ ಖಾತೆಯಿಂದ ಅವರು ಪಾವತಿ ಮಾಡುವ ವ್ಯವಸ್ಥೆ. ಪೂರ್ಣ ಅಧಿಕಾರ ಕೊಟ್ಟರೆ ಒಂದು ಸಲಕ್ಕೆ ಗರಿಷ್ಠ 5,000, ತಿಂಗಳಿಗೆ 15,000 ರೂಪಾಯಿ. ಭಾಗಶಃ ಕೊಟ್ಟರೆ ಪ್ರತಿ ಪಾವತಿಗೂ ನೀವು ಪಿನ್ ಒತ್ತಬೇಕು. ನೀವು ಮೀಟಿಂಗಿನಲ್ಲಿದ್ದರೆ ಅವರು ಮೆಡಿಕಲ್ ಶಾಪಿನಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ದುಡಿದು ಬಾಳಿದ ಮನುಷ್ಯ ಮಕ್ಕಳ ಖಾತೆಯಿಂದ ಕೊತ್ತಂಬರಿ ಸೊಪ್ಪು ಕೊಳ್ಳಲು ಒಪ್ಪುತ್ತಾರೆಯೇ ಎನ್ನುವುದು ಬೇರೆ ಪ್ರಶ್ನೆ. ನಾನಾದರೆ ಸಣ್ಣ ಖಾತೆಯ ದಾರಿಯನ್ನೇ ಹಿಡಿಯುತ್ತೇನೆ.

ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ತೆರೆದು ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆಯೂ ಆಫ್ ಮಾಡಿ. ಇದು ಬೀಗವಲ್ಲ, ಚಿಲಕ. ಕರೆ ಮಾಡಿದವನು ಹೇಳಿಕೊಟ್ಟರೆ ಮತ್ತೆ ತೆರೆಯಬಹುದು, ಆದರೂ ತಡೆದು ಯೋಚಿಸಲು ಒಂದು ಹೆಜ್ಜೆ ಸಿಗುತ್ತದೆ. ವಾಟ್ಸಾಪ್‌ನ ಪ್ರೈವೆಸಿಯಲ್ಲಿ ಗುಂಪಿಗೆ ಸೇರಿಸುವವರು 'ಮೈ ಕಾಂಟ್ಯಾಕ್ಟ್ಸ್' ಮಾತ್ರ ಎಂದು ಮಾಡಿ, 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಆನ್ ಮಾಡಿ, ಎರಡು ಹಂತದ ಪರಿಶೀಲನೆಗೆ ಆರು ಅಂಕಿಯ ಪಿನ್ ಇಡಿ. ಈ ಸೈಲೆನ್ಸ್ ವಾಟ್ಸಾಪ್ ಕರೆಗೆ ಮಾತ್ರ. ಗ್ಯಾಸ್ ತರುವ ಹುಡುಗನ, ಆಸ್ಪತ್ರೆಯ ಕರೆ ಎಂದಿನಂತೆ ಬರುತ್ತವೆ. ಸಾಮಾನ್ಯ ಕರೆಗಳಿಗೂ ಹೀಗೆ ಮಾಡಲು ಹೋಗಬೇಡಿ, ಬೇಕಾದ ಕರೆಯೇ ತಪ್ಪಿಹೋಗುತ್ತದೆ.

ಬಾಯಿಪಾಠ ಮಾಡಿಸಬೇಕಾದ್ದು ಎರಡೇ ಮಾತು. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಡ, ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಎಂದರ್ಥ. 'ಮನೆಯವರಿಗೆ ಹೇಳಬೇಡಿ' ಎಂದವನು ಪೊಲೀಸನೂ ಅಲ್ಲ, ಬ್ಯಾಂಕಿನವನೂ ಅಲ್ಲ. ಅಲ್ಲಿಗೇ ಕರೆ ಕಟ್. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲೇ ಇದನ್ನು ಹೇಳಿದ್ದರು.

ಫಾರ್ವರ್ಡ್‌ಗಳನ್ನು ನಿಲ್ಲಿಸಿ ಎಂದು ಜಗಳವಾಡಬೇಡಿ. ವಾಟ್ಸಾಪ್ ಎರಡು ಬಾಣದ ಗುರುತು ಹಾಕುವುದು ಕೈಯಿಂದ ಕೈಗೆ ಐದಾರು ಸಲ ದಾಟಿ ಬಂದ ಸಂದೇಶಕ್ಕೆ. ಸ್ನೇಹಿತರು ಕಳಿಸಿದ್ದರೂ ಬರೆದದ್ದು ಸ್ನೇಹಿತರಲ್ಲ ಎಂಬುದಕ್ಕೆ ಆ ಗುರುತೇ ಸಾಕ್ಷಿ. ಉತ್ತರ ಪತ್ರಿಕೆ ತಿದ್ದಿದವರಿಗೆ 'ಯಾರು, ಯಾವಾಗ, ಎಲ್ಲಿ ಎನ್ನುವುದಿಲ್ಲದಿದ್ದರೆ ಎಷ್ಟು ಅಂಕ ಕೊಡುತ್ತಿದ್ದಿರಿ?' ಎಂದು ಕೇಳಿ. ಪಟ್ಟು ಹಿಡಿಯಬೇಕಾದ್ದು ಮದ್ದಿನ ಸಂದೇಶದಲ್ಲಿ ಮಾತ್ರ: ಯಾವ ಫಾರ್ವರ್ಡ್ ನೋಡಿಯೂ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಕೂಡದು.

ಸದ್ದು ಜೋರಿರುವುದು ಹೆಚ್ಚಾಗಿ ಕಿವಿಯ ಸಮಸ್ಯೆ. ವಯಸ್ಸಾದಂತೆ ಮೊದಲು ಮಸುಕಾಗುವುದು ತೀಕ್ಷ್ಣ ಸ್ವರ, ಅದರೊಂದಿಗೆ ಸ, ಶ, ತ ಇಂಥ ವ್ಯಂಜನಗಳು. ಮಾತು ಕೇಳುತ್ತದೆ, ತಿಳಿಯುವುದಿಲ್ಲ, ಹಾಗಾಗಿ ಸದ್ದು ಏರಿಸುತ್ತಾರೆ. ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆಗುತ್ತದೆ. ರಿಂಗ್‌ಟೋನ್ ಕೊಳಲಿನಂಥದ್ದು ಬೇಡ, ತಗ್ಗಿನ ದನಿಯದು ಇಡಿ. ಮುಟ್ಟಿದ್ದು ಒಂದು, ತೆರೆದದ್ದು ಇನ್ನೊಂದು ಆಗುತ್ತಿದ್ದರೆ ಆಕ್ಸೆಸಿಬಿಲಿಟಿಯಲ್ಲಿ 'ಟಚ್ ಅಂಡ್ ಹೋಲ್ಡ್ ಡಿಲೇ'ಯನ್ನು 'ಲಾಂಗ್' ಮಾಡಿ. ವಯಸ್ಸಾದ ಒಣ ಬೆರಳಿಗೆ ಬೆರಳಚ್ಚು ಹಿಡಿಯದಿದ್ದರೆ ಅದೇ ಬೆರಳನ್ನು ಎರಡು ಸಲ ದಾಖಲಿಸಿ.

ಮಗಳ ಫೋನಿಗೆ

ಕದ್ದು ನೋಡುವ ಆಪ್‌ಗಳು ಹೆಚ್ಚಾಗಿ ಪ್ಲೇ ಸ್ಟೋರ್‌ನ ಹೊರಗಿನವು. ಹಾಕಲು ಅದೇ ಅನ್‌ನೋನ್ ಆಪ್ಸ್ ಬಾಗಿಲು ತೆರೆಯಬೇಕು, ಅದೇ ಆಕ್ಸೆಸಿಬಿಲಿಟಿ ಅಧಿಕಾರ ಕೊಡಬೇಕು. ಅಪ್ಪನ ಫೋನಿನಲ್ಲಿ ಕಳ್ಳ ಮಾಡಿದ್ದನ್ನು ಮಗಳ ಫೋನಿನಲ್ಲಿ ನೀವೇ ಮಾಡಿದಂತೆ. ಅವಳ ಫೋಟೊ, ಮಾತು ಎಲ್ಲ ಯಾವುದೋ ಕಂಪನಿಯ ಸರ್ವರಿಗೆ ಹೋಗುತ್ತದೆ. ಅವಳಿಗೆ ಗೊತ್ತಾದ ದಿನ ಎರಡನೇ ಖಾತೆ ತೆರೆಯುತ್ತಾಳೆ, ಇಲ್ಲವೇ ಗೆಳತಿಯ ಫೋನು ಹಿಡಿಯುತ್ತಾಳೆ.

ತಿಳಿಸಿ ಮಾಡುವ ವ್ಯವಸ್ಥೆಗಳಿವೆ. ಗೂಗಲ್‌ನ ಫ್ಯಾಮಿಲಿ ಲಿಂಕ್, ಐಫೋನ್ ಆದರೆ ಸ್ಕ್ರೀನ್ ಟೈಮ್. ಇನ್‌ಸ್ಟಾಗ್ರಾಂನ ಟೀನ್ ಅಕೌಂಟ್ ನಮ್ಮಲ್ಲಿ 2025ರ ಫೆಬ್ರುವರಿಯಿಂದ ಬಂದಿದೆ: ಖಾತೆ ತಾನಾಗಿಯೇ ಪ್ರೈವೇಟ್, ಅಪರಿಚಿತರ ಮೆಸೇಜಿಗೆ ತಡೆ, 60 ನಿಮಿಷಕ್ಕೆ ಎಚ್ಚರಿಕೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸ್ಲೀಪ್ ಮೋಡ್. 16ರ ಒಳಗಿನವರು ಇದನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಆದರೆ ಸ್ಲೀಪ್ ಮೋಡ್ ನೋಟಿಫಿಕೇಶನ್ ನಿಲ್ಲಿಸುತ್ತದೆ, ಆಪ್ ಅನ್ನು ಬೀಗ ಹಾಕುವುದಿಲ್ಲ. ಹುಟ್ಟಿದ ವರ್ಷ ಸುಳ್ಳು ಕೊಟ್ಟಿದ್ದರೆ ಇದ್ಯಾವುದೂ ಅನ್ವಯವಾಗದು. ಮೊದಲು ಅದನ್ನು ಜೊತೆಗೆ ಕೂತು ನೋಡಿ.

ರಾತ್ರಿಗೆ ಯಾವ ಆಪ್ ಕೂಡ ಬೇಡ. ಫೋನುಗಳು ಹಾಲ್‌ನಲ್ಲಿ ಚಾರ್ಜ್ ಆಗಲಿ, ನಿಮ್ಮದೂ ಸೇರಿ. ನಿಮ್ಮದು ದಿಂಬಿನ ಬಳಿ ಇದ್ದರೆ ಈ ನಿಯಮ ವಾರಕ್ಕಿಂತ ಹೆಚ್ಚು ಬಾಳದು. 'ಅಲಾರಂಗೆ ಬೇಕು' ಎಂಬ ವಾದ ಬರುತ್ತದೆ, ಒಂದು ಅಲಾರಂ ಗಡಿಯಾರ ತಂದಿಡಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆರು ಗಂಟೆಗೆ ಟ್ಯೂಷನ್ ಇದ್ದರೆ ಒಂದು ಗಂಟೆಗೆ ಮಲಗುವ ಲೆಕ್ಕ ಎಲ್ಲಿಯೂ ಕೂಡುವುದಿಲ್ಲ. ಅವಳ ಕೈಯಲ್ಲೇ ಈ ಲೆಕ್ಕ ಹಾಕಿಸಿ.

ಅವಳಿಗೆ ಮುಂಚೆಯೇ ಹೇಳಿಡಬೇಕಾದ ಅಪಾಯಗಳು ಅಜ್ಜನವಲ್ಲ. ಫೋಟೊ ಇಟ್ಟುಕೊಂಡು ಬೆದರಿಸುವುದು ಒಂದು. ಹಾಗಾದರೆ ದುಡ್ಡು ಕಳಿಸಬಾರದು, ಚಾಟ್ ಅಳಿಸಬಾರದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ನಿಮಗೆ ಹೇಳಬೇಕು. ಮಕ್ಕಳ ಸಹಾಯವಾಣಿ 1098. ಇನ್ನೆರಡು ವರ್ಷದಲ್ಲಿ ಕಾಲೇಜಿಗೆ ಹೋದಾಗ 'ನಿನ್ನ ಖಾತೆ ಬಾಡಿಗೆಗೆ ಕೊಡು, ಕಮಿಷನ್ ಕೊಡ್ತೀವಿ' ಎನ್ನುವವರು ಸಿಗುತ್ತಾರೆ. ಅಜ್ಜನಂಥವರಿಂದ ಕದ್ದ ದುಡ್ಡು ಹಾದುಹೋಗುವುದು ಇಂಥ ಖಾತೆಗಳಿಂದಲೇ, ಮತ್ತು ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ.

ರೇಡಿಯೇಷನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಫೋನಿನ ಅಲೆಗಳು ಎಕ್ಸ್-ರೇ ಹಾಗೆ ಅಣುವನ್ನು ಒಡೆಯುವಂಥವಲ್ಲ. ನಮ್ಮಲ್ಲಿ ಫೋನಿನ ಎಸ್ಎಆರ್ (ಅಲೆಗಳಿಂದ ದೇಹ ಹೀರುವ ಶಕ್ತಿಯ ಅಳತೆ) ಮಿತಿ ಕೆ.ಜಿ.ಗೆ 1.6 ವ್ಯಾಟ್, *#07# ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ನಿಮ್ಮ ಫೋನಿನ ಅಂಕಿ ಕಾಣುತ್ತದೆ. ಮಗಳ ಕಣ್ಣಿಗೆ ನಿಜವಾದ ತೊಂದರೆ ಗಂಟೆಗಟ್ಟಲೆ ಹತ್ತಿರ ನೋಡುವುದು, ಬಿಸಿಲು-ಬಯಲು ಕಾಣದಿರುವುದು.

ಒಂದು ಗೆರೆ ದಾಟಿದರೆ ಮಾತ್ರ ಹೊರಗಿನ ಸಹಾಯ ಬೇಕು. ಫೋನು ಸಿಗದಿದ್ದಾಗ ವಸ್ತು ಎಸೆಯುವುದು, ಊಟ-ಸ್ನೇಹ ಬಿಡುವುದು, ವಾರಗಟ್ಟಲೆ ನಿದ್ದೆ ಕೆಡುವುದು ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು 'ಶಟ್' ಕ್ಲಿನಿಕ್ ಇದೆ; ಫೋನಿನಲ್ಲಿ ಮಾತಾಡಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416. ಅಪ್ಪನ ವಿಷಯದಲ್ಲಿ, ಹೇಳಿಕೊಟ್ಟ ಮೇಲೂ ಪದೇಪದೇ ಮೋಸಹೋಗುವುದು, ಲೆಕ್ಕ ತಪ್ಪುವುದು ಹೊಸದಾಗಿ ಶುರುವಾದರೆ ಅದು ಫೋನಿನ ವಿಷಯವಾಗಿರದೆ ಮರೆವಿನ ಆರಂಭವೂ ಆಗಿರಬಹುದು, ವೈದ್ಯರಿಗೆ ತೋರಿಸಿ.

ತಿಪಟೂರಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ. ಫೋನು ಅಪ್ಪನ ಕೈಯಲ್ಲೇ ಇರಲಿ. ನಿಮ್ಮ ಕೈಗೆ ಬಂದರೆ ಐದು ನಿಮಿಷದಲ್ಲಿ ಎಲ್ಲ ಮಾಡಿ ಮುಗಿಸುತ್ತೀರಿ, ಅವರಿಗೆ ಏನೂ ಉಳಿಯುವುದಿಲ್ಲ. ಮೊಮ್ಮಗಳು ಹೇಳಲಿ, ಅವರು ಒತ್ತಲಿ, ಹೆಜ್ಜೆಗಳನ್ನು ಅವರೇ ತಮ್ಮ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. 1930 ಎಂಬ ಸಂಖ್ಯೆ ಮಾತ್ರ ನೋಟ್‌ಬುಕ್ಕಿನೊಳಗೆ ಬೇಡ. ಗಾಬರಿಯಲ್ಲಿ ಯಾರೂ ಪುಟ ತಿರುವುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿರಲಿ.